ಮಾರ್ಕೆಟಿಂಗ್ ಸಂಘದ ಸದಸ್ಯರಾಗುವುದು ಎಂದರೆ ಏನು?

ನಮ್ಮ ಮನೆಯ ಬೀರುವಿನಲ್ಲಿ ಆಪಾಳ ಒಂದು ಫೈಲ್ ಇದೆ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಗಳು, ಟೈಪಿಂಗ್ ಸರ್ಟಿಫಿಕೇಟ್, ಬಿಕಾಂನ ಆರು ಸೆಮಿಸ್ಟರ್‌ಗಳ ಅಂಕಪಟ್ಟಿ. ಎಲ್ಲಕ್ಕಿಂತ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ, ಚಿನ್ನದ ಬಣ್ಣದ ಅಂಚಿರುವ ಇನ್ನೊಂದು ಸರ್ಟಿಫಿಕೇಟ್. ಮಾರ್ಕೆಟಿಂಗ್ ವೃತ್ತಿಯವರ ಸಂಘವೊಂದಕ್ಕೆ ಆಕೆ ಸದಸ್ಯೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ. ಸಂಘದ ಹೆಸರಿನಲ್ಲಿ ‘ಗ್ಲೋಬಲ್’ ಎಂಬ ಪದವೂ ಇದೆ, ‘ಇಂಟರ್‌ನ್ಯಾಷನಲ್’ ಎಂಬ ಪದವೂ ಇದೆ. ಶುಲ್ಕ 1,800 ರೂಪಾಯಿ. ಆ ದುಡ್ಡು ಅಮ್ಮಿ ಸೀರೆಗಳಿಗೆ ಕುಚ್ಚು ಕಟ್ಟಿ ಕೂಡಿಟ್ಟದ್ದು.

ಕಳೆದ ವರ್ಷ ಆಪಾ ಮೊದಲ ಇಂಟರ್‌ವ್ಯೂಗೆ ಹೋದಾಗ ಎದುರು ಕುಳಿತವರು ಫೈಲ್ ತೆರೆದು ಅದನ್ನೇ ಮೊದಲು ನೋಡಿದರಂತೆ. “ಈ ಸಂಘ ಏನು ಕೆಲಸ ಮಾಡುತ್ತದಮ್ಮಾ?” ಎಂದು ಕೇಳಿದರಂತೆ. ಆಪಾಗೆ ಉತ್ತರ ಗೊತ್ತಿರಲಿಲ್ಲ. ವಾಟ್ಸಾಪಿನಲ್ಲಿ ಬಂದ ಲಿಂಕಿನಿಂದ ದುಡ್ಡು ಕಟ್ಟಿದ್ದಳು, ಮೂರನೇ ದಿನ ಪಿಡಿಎಫ್ ಬಂದಿತ್ತು, ಆಮೇಲೆ ಆ ಕಡೆಯಿಂದ ಒಂದು ಪತ್ರವೂ ಬಂದಿರಲಿಲ್ಲ. ಆ ಕೆಲಸ ಆಕೆಗೆ ಸಿಗಲಿಲ್ಲ. ಸರ್ಟಿಫಿಕೇಟ್ ಕಾರಣ ಎಂದು ನಾನು ಹೇಳಲಾರೆ. ಆದರೆ ಮನೆಗೆ ಬಂದು ಆಕೆ ಅತ್ತದ್ದು ಕೆಲಸಕ್ಕಾಗಿ ಅಲ್ಲ, ಆ ಪ್ರಶ್ನೆಗೆ ಉತ್ತರ ಕೊಡಲು ಆಗದೇ ಹೋದದ್ದಕ್ಕೆ.

ಈ ವರ್ಷ ಅಂಥದೇ ಲಿಂಕ್ ನಮ್ಮ ದ್ವಿತೀಯ ಪಿಯುಸಿ ಕಾಮರ್ಸ್ ಗ್ರೂಪಿಗೂ ಬಂದಿದೆ. ನಾಲ್ಕೈದು ಗೆಳತಿಯರು “ಸೇರೋಣವಾ?” ಎಂದು ನನ್ನನ್ನು ಕೇಳಿದರು. ಹಾಗಾಗಿ ನಾನು ಓದಿ, ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮಗೆಲ್ಲ ಗೊತ್ತಿರುವ ಕಡೆಯಿಂದ ಆರಂಭಿಸೋಣ. ನಮ್ಮಲ್ಲಿ ಅರ್ಧ ಜನ ಸಿಎ ಆಗಬೇಕೆಂದು ಕನಸು ಕಾಣುವವರು. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ 1949ರ ಕಾಯ್ದೆಯಿಂದ ಹುಟ್ಟಿದ್ದು. ಕಾಸ್ಟ್ ಅಕೌಂಟೆಂಟ್‌ಗಳಿಗೆ 1959ರ ಕಾಯ್ದೆ ಇದೆ, ಕಂಪನಿ ಸೆಕ್ರೆಟರಿಗಳಿಗೆ 1980ರ ಕಾಯ್ದೆ. ಈ ಸಂಸ್ಥೆಗಳ ಸದಸ್ಯತ್ವ ಇಲ್ಲದೆ ಆ ವೃತ್ತಿಯನ್ನು ನಡೆಸುವಂತಿಲ್ಲ. ಸದಸ್ಯರಲ್ಲದವರು ‘ನಾನು ಸಿಎ’ ಎಂದು ಬೋರ್ಡ್ ಹಾಕಿಕೊಂಡರೆ ಅದು ಅಪರಾಧ. ಅಂದರೆ ಅಲ್ಲಿ ಸದಸ್ಯತ್ವವೇ ಪರವಾನಗಿ.

ಮಾರ್ಕೆಟಿಂಗ್‌ಗೆ ಹಾಗೆ ಯಾವ ಕಾಯ್ದೆಯೂ ಇಲ್ಲ. ಜಾಹೀರಾತು ಬರೆಯಲು, ಗ್ರಾಹಕರ ಅಭಿರುಚಿ ಅಳೆಯಲು, ಸೇಲ್ಸ್ ಮ್ಯಾನೇಜರ್ ಆಗಲು ಯಾವ ಸಂಘದ ಕಾರ್ಡೂ ಬೇಕಿಲ್ಲ. ಗಾಂಧಿ ಬಜಾರಿನಲ್ಲಿ ನನ್ನ ಮಾಮು ಇಪ್ಪತ್ತು ವರ್ಷದಿಂದ ಲೇಡೀಸ್ ಡ್ರೆಸ್ ಮೆಟೀರಿಯಲ್ ಅಂಗಡಿ ನಡೆಸುತ್ತಿದ್ದಾರೆ. ಈ ರಂಜಾನ್‌ಗೆ ಯಾವ ಬಣ್ಣ ಓಡುತ್ತದೆ ಎಂದು ಶಾಬಾನ್ ತಿಂಗಳಲ್ಲೇ ಹೇಳುತ್ತಾರೆ. ಅವರು ಯಾವ ಸಂಘದ ಸದಸ್ಯರೂ ಅಲ್ಲ. ಮಾರ್ಕೆಟಿಂಗ್ ಸಂಘಗಳನ್ನು ಸೇರುವುದು ಪೂರ್ತಿ ಐಚ್ಛಿಕ. ಇದನ್ನು ತಿಳಿಯದವರಿಗೆ ‘ಮೆಂಬರ್’ ಎಂಬ ಪದ ಸಿಎ ಸದಸ್ಯತ್ವದಷ್ಟೇ ತೂಕದ್ದಾಗಿ ಕಾಣುತ್ತದೆ. ನಕಲಿ ಸಂಘಗಳು ಮಾರುವುದು ಈ ಗೊಂದಲವನ್ನೇ.

ಹಾಗಾದರೆ ಕಡ್ಡಾಯವಲ್ಲದ ಸಂಘವನ್ನು ನಿಜವಾದ ವೃತ್ತಿಪರರು ಯಾಕೆ ಸೇರುತ್ತಾರೆ?

ಇಂಥ ಸಂಘಗಳು ಹೊಸವಲ್ಲ. ಬ್ರಿಟನ್ನಿನ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಮಾರ್ಕೆಟಿಂಗ್‌ನ ಮೂಲ 1911ರಲ್ಲಿ ಸೇಲ್ಸ್ ಮ್ಯಾನೇಜರ್‌ಗಳು ಕಟ್ಟಿಕೊಂಡ ಸಂಘ. ಅದಕ್ಕೆ ರಾಜ ಸನ್ನದು ಸಿಕ್ಕಿದ್ದು 1989ರಲ್ಲಿ. ಅಮೆರಿಕನ್ ಮಾರ್ಕೆಟಿಂಗ್ ಅಸೋಸಿಯೇಷನ್ 1937ರಲ್ಲಿ ಆರಂಭವಾಯಿತು. ಮಾರ್ಕೆಟಿಂಗ್ ಕಲಿಸುವ ಅಧ್ಯಾಪಕರ ಸಂಘ ಮತ್ತು ಆ ಕೆಲಸ ಮಾಡುವವರ ಸಂಘ ಎರಡೂ ಕೂಡಿ ಅದಾಯಿತು. ಗ್ರಾಹಕರ ಒಲವುಗಳನ್ನು ಸಮೀಕ್ಷೆ ಮಾಡಿ ತಿಳಿಯುವವರಿಗೆ ಯುರೋಪಿನಲ್ಲಿ 1947ರಲ್ಲಿ ಎಸೋಮಾರ್ ಎಂಬ ಸಂಘ ಹುಟ್ಟಿತು. ಈಗ ಅದರ ಸದಸ್ಯರು ಪ್ರಪಂಚದ ಎಲ್ಲ ಕಡೆ ಇದ್ದಾರೆ. ನಮ್ಮ ದೇಶದಲ್ಲಿ ಅದೇ ಕೆಲಸದವರಿಗೆ 1988ರಿಂದ ಮಾರ್ಕೆಟ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ ಇದೆ. ಅದನ್ನು ಎಂಆರ್‌ಎಸ್‌ಐ ಎನ್ನುತ್ತಾರೆ.

ಇವು ಸಭೆ ನಡೆಸುತ್ತವೆ, ಪತ್ರಿಕೆ ತರುತ್ತವೆ, ತರಬೇತಿ ಕೊಡುತ್ತವೆ, ಪ್ರಶಸ್ತಿ ಹಂಚುತ್ತವೆ. ಪರಿಚಯ ಬೆಳೆಯುತ್ತದೆ, ಕೆಲಸ ಸಿಗಲು ಸಹಾಯವಾಗುತ್ತದೆ. ಇದೆಲ್ಲ ಜಾಹೀರಾತಿನಲ್ಲೂ ಇರುತ್ತದೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ ಎರಡು: ಎಲ್ಲರೂ ಒಪ್ಪಿದ ಒಂದು ಅಳತೆ, ಎಲ್ಲರೂ ಒಪ್ಪಿದ ಒಂದು ನಿಯಮಾವಳಿ.

ಅಳತೆಯ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಮ್ಮ ಮನೆಯೂ ಬರುತ್ತದೆ.

ಒಂದು ಸೋಪ್ ಕಂಪನಿ ‘ಮಧ್ಯಮ ವರ್ಗದವರು ನಮ್ಮ ಸೋಪ್ ಕೊಳ್ಳುತ್ತಾರೆ’ ಎಂದರೆ ಮಧ್ಯಮ ವರ್ಗ ಯಾರು? ಸಂಬಳ ಕೇಳಿದರೆ ಜನ ಹೇಳುವುದಿಲ್ಲ, ಹೇಳಿದರೂ ನಿಜ ಇರುವುದಿಲ್ಲ. ಒಂದೊಂದು ಕಂಪನಿ ಒಂದೊಂದು ಅಳತೆ ಹಿಡಿದರೆ ಒಬ್ಬರ ಸಮೀಕ್ಷೆಯನ್ನು ಇನ್ನೊಬ್ಬರ ಸಮೀಕ್ಷೆಯ ಪಕ್ಕದಲ್ಲಿ ಇಟ್ಟು ನೋಡಲು ಆಗುವುದಿಲ್ಲ. ಅದಕ್ಕಾಗಿ ಪೈಪೋಟಿಯಲ್ಲಿರುವ ಕಂಪನಿಗಳೆಲ್ಲ ಸಂಘದಲ್ಲಿ ಒಟ್ಟಿಗೆ ಕುಳಿತು ಒಂದೇ ಅಳತೆ ಮಾಡಿಕೊಂಡವು. ಹಳೆಯ ಅಳತೆಯಲ್ಲಿ ಪಟ್ಟಣದ ಮನೆಗಳಿಗೆ ಮನೆಯ ಮುಖ್ಯ ದುಡಿಮೆಗಾರರ ಓದು ಮತ್ತು ಉದ್ಯೋಗ ನೋಡುತ್ತಿದ್ದರು, ಹಳ್ಳಿಯ ಮನೆಗಳಿಗೆ ಓದು ಮತ್ತು ಮನೆ ಎಂಥದು ಎಂಬುದನ್ನು. 2011ರಲ್ಲಿ ಎಂಆರ್‌ಎಸ್‌ಐ ಮತ್ತು ಮೀಡಿಯಾ ರಿಸರ್ಚ್ ಯೂಸರ್ಸ್ ಕೌನ್ಸಿಲ್ ಸೇರಿ ಪಟ್ಟಣ, ಹಳ್ಳಿ ಎರಡಕ್ಕೂ ಒಂದೇ ಅಳತೆ ತಂದವು. ಅದರ ಹೆಸರು ಎನ್‌ಸಿಸಿಎಸ್. ಮುಖ್ಯ ದುಡಿಮೆಗಾರರು ಎಷ್ಟು ಓದಿದ್ದಾರೆ, ಪಟ್ಟಿಯಲ್ಲಿರುವ 11 ವಸ್ತುಗಳಲ್ಲಿ ಮನೆಯಲ್ಲಿ ಎಷ್ಟು ಇವೆ ಎಂಬ ಎರಡೇ ಪ್ರಶ್ನೆ. ಉತ್ತರವನ್ನು ಒಂದು ಚೌಕಟ್ಟಿನಲ್ಲಿ ಇಟ್ಟರೆ ಎ1ರಿಂದ ಇ3ರವರೆಗೆ 12 ದರ್ಜೆಗಳಲ್ಲಿ ಒಂದು ಸಿಗುತ್ತದೆ.

ಆ 11 ಯಾವುವು ಗೊತ್ತೇ? ಕರೆಂಟ್, ಸೀಲಿಂಗ್ ಫ್ಯಾನ್, ಗ್ಯಾಸ್ ಒಲೆ, ದ್ವಿಚಕ್ರ ವಾಹನ, ಕಲರ್ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಕಾರು ಅಥವಾ ಜೀಪು, ಏಸಿ, ಕೃಷಿ ಜಮೀನು. ಒಂದು ರಾತ್ರಿ ಊಟವಾದ ಮೇಲೆ ನಾವು ಮನೆಯಲ್ಲಿ ಲೆಕ್ಕ ಹಾಕಿದೆವು. ಆರು ಬಂತು. ಅಬ್ಬಾರ ಗೂಡ್ಸ್ ಆಟೊ ಕಾರಿನ ಲೆಕ್ಕಕ್ಕೆ ಬರುತ್ತದೆ ಎಂದು ತಮ್ಮ ಹಠ ಹಿಡಿದ, ಬರುವುದಿಲ್ಲ ಎಂದು ಆಪಾ ತೀರ್ಪು ಕೊಟ್ಟಳು. ನಮ್ಮ ದರ್ಜೆ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ, ಅಮ್ಮಿಗೆ ಇಷ್ಟವಾಗದು.

ಈಚೆಗೆ ಎಂಆರ್‌ಎಸ್‌ಐ ಈ ಅಳತೆಯನ್ನೂ ಬದಲಿಸಿದೆ. ಫ್ರಿಜ್, ಟಿವಿ ಈಗ ತುಂಬ ಮನೆಗಳಲ್ಲಿ ಇರುವುದರಿಂದ ವಸ್ತು ಎಣಿಸಿದರೆ ಮನೆ ಮನೆಗೆ ಇರುವ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಐಎಸ್‌ಇಸಿ ಎಂಬ ಹೊಸ ಅಳತೆಯಲ್ಲಿ ಮೂರು ವಿಷಯ ಕೇಳುತ್ತಾರೆ: ಮುಖ್ಯ ದುಡಿಮೆಗಾರರ ಉದ್ಯೋಗ, ಮನೆಯ ವಯಸ್ಕ ಗಂಡಸರಲ್ಲಿ ಅತಿ ಹೆಚ್ಚು ಓದಿದವರ ಓದು, ವಯಸ್ಕ ಹೆಂಗಸರಲ್ಲಿ ಅತಿ ಹೆಚ್ಚು ಓದಿದವರ ಓದು. ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಆಪಾಳನ್ನು ಕರೆದೆ. ಅಬ್ಬಾ ಓದಿದ್ದು ಏಳನೇ ತರಗತಿ. ಹಿಂದಿನ ಅಳತೆಯಲ್ಲಿ ನಮ್ಮ ಮನೆ ಎಂದರೆ ಆ ಏಳನೇ ತರಗತಿ ಮತ್ತು ಆರು ವಸ್ತು. ಆಪಾಳ ಬಿಕಾಂ ಅದರಲ್ಲಿ ಎಲ್ಲೂ ಬರುತ್ತಿರಲಿಲ್ಲ. ಹೊಸದರಲ್ಲಿ ಬರುತ್ತದೆ. ಕೆಲಸ ಸಿಗದಿದ್ದರೂ, ಒಂದು ರೂಪಾಯಿ ದುಡಿಯದಿದ್ದರೂ, ಮನೆಯ ಹೆಣ್ಣುಮಗಳು ಓದಿದ್ದಾಳೆ ಎಂಬುದು ಆ ಮನೆ ಏನು ಕೊಳ್ಳುತ್ತದೆ ಎಂಬುದನ್ನು ಬದಲಿಸುತ್ತದೆ ಎಂದು ದೇಶದ ದೊಡ್ಡ ಕಂಪನಿಗಳ ಸಮೀಕ್ಷೆಗಾರರು ಒಪ್ಪಿಕೊಂಡ ಹಾಗಾಯಿತು. ಅಳತೆಗೆ ಏನು ಸೇರಬೇಕು ಎಂದು ತೀರ್ಮಾನಿಸುವ ಮೇಜಿನಲ್ಲಿ ಕೂರುವುದು, ನನ್ನ ಪ್ರಕಾರ, ಸದಸ್ಯತ್ವದ ನಿಜವಾದ ಲಾಭ. ಅದು ಪಿಡಿಎಫ್‌ನಲ್ಲಿ ಬರುವುದಿಲ್ಲ.

ಇನ್ನು ನಿಯಮಾವಳಿ. ಎಸೋಮಾರ್ ತನ್ನ ಮೊದಲ ನಿಯಮಾವಳಿಯನ್ನು 1948ರಲ್ಲೇ ಹೊರತಂದಿತು. 1977ರಿಂದ ಅದು ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ ಜೊತೆ ಸೇರಿ ಒಂದೇ ನಿಯಮಾವಳಿ ಪ್ರಕಟಿಸುತ್ತಿದೆ. ಸಾರ ಸರಳವಾದದ್ದು. ಉತ್ತರ ಕೊಡುವುದು ಜನರ ಇಷ್ಟ. ಯಾಕೆ ಕೇಳುತ್ತಿದ್ದೇವೆ ಎಂದು ಅವರಿಗೆ ಮೊದಲೇ ಹೇಳಬೇಕು. ಮಕ್ಕಳನ್ನು ಕೇಳುವ ಮೊದಲು ತಂದೆತಾಯಿಯ ಒಪ್ಪಿಗೆ ಬೇಕು. ಉತ್ತರ ಕೊಟ್ಟವರ ಹೆಸರು, ನಂಬರ್ ಬೇರೆಯವರ ಕೈಗೆ ಹೋಗಬಾರದು. ಸಮೀಕ್ಷೆ ಎಂದು ಹೇಳಿ ಮಾಲು ಮಾರಬಾರದು.

ಈ ಕೊನೆಯ ಎರಡು ನಿಯಮಗಳನ್ನು ನಾನು ಮುರಿದಿದ್ದೇನೆ. ಮುರಿಯುವಾಗ ಅಂಥ ನಿಯಮ ಇದೆ ಎಂದೂ ಗೊತ್ತಿರಲಿಲ್ಲ.

ವ್ಯವಹಾರ ಅಧ್ಯಯನದ ಪ್ರಾಜೆಕ್ಟ್‌ಗೆ ನಾನು ಮಾಮುವಿನ ಅಂಗಡಿಯಲ್ಲಿ ನಾಲ್ಕು ದಿನ ಕುಳಿತು 40 ಮಂದಿ ಹೆಂಗಸರನ್ನು ಪ್ರಶ್ನೆ ಕೇಳಿದೆ. ಹೊಲಿಸಿಕೊಳ್ಳುವ ಬಟ್ಟೆ ಇಷ್ಟವೋ ರೆಡಿಮೇಡ್ ಇಷ್ಟವೋ, ಆನ್‌ಲೈನ್‌ನಲ್ಲಿ ಕೊಂಡಿದ್ದೀರಾ, ವಾಪಸ್ ಕಳಿಸಿದ್ದೀರಾ, ಹೀಗೆ. ಫಾರ್ಮಿನ ಕೊನೆಗೆ ಹೆಸರು, ಮೊಬೈಲ್ ನಂಬರ್. ಕಾಲೇಜು ಹುಡುಗಿ ಎಂದು ಎಲ್ಲರೂ ಪ್ರೀತಿಯಿಂದ ಬರೆದುಕೊಟ್ಟರು. ಪ್ರಾಜೆಕ್ಟ್‌ಗೆ ಒಳ್ಳೆಯ ಅಂಕ ಬಂತು. ಫಾರ್ಮುಗಳು ಅಂಗಡಿಯಲ್ಲೇ ಉಳಿದವು. ರಂಜಾನ್ ಹತ್ತಿರ ಬಂದಾಗ ಮಾಮು “ಆ ನಂಬರ್‌ಗಳೆಲ್ಲ ಕೊಡಮ್ಮಾ” ಎಂದರು. ನಾನು ಒಂದು ಮಾತೂ ಯೋಚಿಸದೆ ಫೋನಿಗೆ ಹಾಕಿಕೊಟ್ಟೆ. 40 ಮಂದಿಗೂ ‘ಹೊಸ ಸ್ಟಾಕ್ ಬಂದಿದೆ’ ಎಂದು ದಿನಕ್ಕೆ ಎರಡು ಸಲ ಮೆಸೇಜ್ ಹೋಯಿತು.

ಒಂದು ವಾರದ ಮೇಲೆ ನಮ್ಮ ಬೀದಿಯವರೇ ಆದ ಒಬ್ಬ ಖಾಲಾ ಸಿಕ್ಕರು. “ಬೇಟಿ, ಓದಿಗೆ ಅಂತ ನಂಬರ್ ಕೇಳಿದೆ, ಕೊಟ್ಟೆ. ನಮ್ಮ ಮನೆಯಲ್ಲಿ ಆ ಫೋನ್ ನನ್ನದಲ್ಲ, ಯಜಮಾನರದು. ಯಾವ ಅಂಗಡಿಯವನಿಗೆ ನಂಬರ್ ಕೊಟ್ಟೆ ಎಂದು ಕೇಳಿದರು” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ನೆಲ ನೋಡುತ್ತ ನಿಂತೆ.

ಸಂಶೋಧನೆಯ ಹೆಸರಿನಲ್ಲಿ ಮಾರಾಟ ಮಾಡುವುದಕ್ಕೆ ಆ ವೃತ್ತಿಯಲ್ಲಿ ಪ್ರತ್ಯೇಕ ಹೆಸರೇ ಇದೆ, ‘ಸಗ್ಗಿಂಗ್’ ಎನ್ನುತ್ತಾರೆ. ಸಂಘಗಳು ಅದನ್ನು ಇಷ್ಟು ಕಟ್ಟುನಿಟ್ಟಾಗಿ ಬೇಡ ಎನ್ನಲು ಕಾರಣ ಬರೀ ಒಳ್ಳೆಯತನ ಅಲ್ಲ. ಒಬ್ಬರು ಹೀಗೆ ಮಾಡಿದರೆ ಮುಂದಿನ ಸಲ ನಿಜವಾದ ಸಮೀಕ್ಷೆಗೆ ಬಂದವರ ಮುಖಕ್ಕೂ ಬಾಗಿಲು ಮುಚ್ಚುತ್ತದೆ. ಇಡೀ ವೃತ್ತಿಯ ಬಂಡವಾಳ ಜನ ತೆರೆಯುವ ಆ ಬಾಗಿಲೇ. ಲೆಕ್ಕಪತ್ರದಲ್ಲಿ ಗುಡ್‌ವಿಲ್ ಎನ್ನುತ್ತೇವಲ್ಲ, ಹಾಗೆ. ಆದರೆ ಇದು ಯಾರ ಬ್ಯಾಲೆನ್ಸ್ ಶೀಟಿನಲ್ಲೂ ಇಲ್ಲದ, ಎಲ್ಲರಿಗೂ ಸೇರಿದ ಗುಡ್‌ವಿಲ್.

ಆಪಾಳ ಕಥೆ ಅರ್ಧಕ್ಕೆ ಬಿಟ್ಟೆ. ಆರು ತಿಂಗಳ ಹಿಂದೆ ಆಕೆಗೆ ಒಂದು ಸಮೀಕ್ಷಾ ಕಂಪನಿಯಲ್ಲಿ ಎರಡು ತಿಂಗಳ ಕೆಲಸ ಸಿಕ್ಕಿತು, ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದು. ಮೊದಲು ತರಬೇತಿ. ಗುರುತಿನ ಚೀಟಿ ತೋರಿಸು, ಎಷ್ಟು ನಿಮಿಷ ಬೇಕು ಎಂದು ಮೊದಲೇ ಹೇಳು, ಪರಿಚಯದವರ ಮನೆಗೆ ಹೋಗಬೇಡ, ನೀನು ಒಂದು ಉತ್ತರವನ್ನೂ ಸೂಚಿಸಬೇಡ. ಮನೆ ಆರಿಸುವುದಕ್ಕೆ ಬಲಗೈ ನಿಯಮ ಎಂದು ಒಂದಿದೆಯಂತೆ: ಕೊಟ್ಟ ಜಾಗದಿಂದ ಹೊರಟು ಬಲಗೈ ಕಡೆಯ ಮನೆಗಳನ್ನೇ ಹಿಡಿದು, ಒಂದು ಮನೆ ಆದ ಮೇಲೆ ಲೆಕ್ಕದಂತೆ ಕೆಲವು ಮನೆ ಬಿಟ್ಟು ಹೋಗುವುದು. ಚೆನ್ನಾಗಿ ಮಾತಾಡುವವರ ಮನೆಯನ್ನೋ ಗೇಟಿನಲ್ಲಿ ನಾಯಿ ಇಲ್ಲದ ಮನೆಯನ್ನೋ ನಾವೇ ಆರಿಸಿಕೊಳ್ಳುವಂತಿಲ್ಲ. ಆಮೇಲೆ ಸೂಪರ್‌ವೈಸರ್ ಕೆಲವು ಮನೆಗಳಿಗೆ ಮತ್ತೆ ಹೋಗಿ ‘ನಿಜವಾಗಿ ಬಂದಿದ್ದರಾ?’ ಎಂದು ವಿಚಾರಿಸುತ್ತಾರೆ. ತರಬೇತಿಯಲ್ಲಿ ಕೊಟ್ಟ ಹಾಳೆ ಓದಿ ನನಗೆ ಆಶ್ಚರ್ಯವಾಯಿತು. ಸಂಘದ ನಿಯಮಾವಳಿಯ ಅಂಶಗಳೇ ಅದರಲ್ಲಿ ಇದ್ದವು. ಸರ್ಟಿಫಿಕೇಟಿಗೆ 1,800 ರೂಪಾಯಿ ಕಟ್ಟಿ ಸಿಗದೇ ಹೋದದ್ದು ಆಪಾಗೆ ಕೆಲಸದ ಮೊದಲ ದಿನ ಪುಕ್ಕಟೆ ಸಿಕ್ಕಿತ್ತು.

ಈಗ ಗೆಳತಿಯರ ಪ್ರಶ್ನೆಗೆ ಬರುತ್ತೇನೆ. ಸೇರಬಹುದೇ?

ಇಂಥ ಸಂಘಗಳಲ್ಲಿ ಸಾಮಾನ್ಯವಾಗಿ ಪೂರ್ಣ ಸದಸ್ಯತ್ವ ಈಗಾಗಲೇ ಆ ಕೆಲಸದಲ್ಲಿ ಇರುವವರಿಗೆ ಅಥವಾ ಕಂಪನಿಗಳಿಗೆ. ವಿದ್ಯಾರ್ಥಿಗಳಿಗೆ ಕೆಲವು ಕಡೆ ಬೇರೆ ದರ್ಜೆ ಇದೆ. ಅಮೆರಿಕನ್ ಮಾರ್ಕೆಟಿಂಗ್ ಅಸೋಸಿಯೇಷನ್‌ಗೆ ಅಲ್ಲಿನ ಕಾಲೇಜುಗಳಲ್ಲಿ ವಿದ್ಯಾರ್ಥಿ ಘಟಕಗಳೇ ಇವೆ. ಆದರೆ ಅದೆಲ್ಲ ಪದವಿ ಓದುವವರಿಗೆ ಹೊಂದುವಂಥದ್ದು, ಪಿಯುಸಿಯವರಿಗೆ ಅಲ್ಲ. ಇನ್ನೊಂದು ವಿಷಯ, ನಮಗೆ 18 ತುಂಬಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ 18 ತುಂಬದವರನ್ನು ‘ಮಗು’ ಎಂದೇ ಕರೆಯುತ್ತದೆ. (ಇದನ್ನು ಅಮ್ಮಿಗೆ ಓದಿ ಹೇಳಿದೆ, “ನಾನು ಹೇಳಿದರೆ ಕೇಳುವುದಿಲ್ಲ” ಎಂದರು.) ನಿಮ್ಮ ವಯಸ್ಸನ್ನೂ ಕೇಳದೆ ದುಡ್ಡು ಕಟ್ಟಿಸಿಕೊಂಡು ‘ಪ್ರೊಫೆಷನಲ್ ಮೆಂಬರ್’ ಎಂದು ಸರ್ಟಿಫಿಕೇಟ್ ಕೊಡುವ ಸಂಘ ಎಂಥದು ಎಂದು ನೀವೇ ಯೋಚಿಸಿ.

ಮುಂದೆ ಡಿಗ್ರಿಗೆ ಹೋದಾಗ ಸೇರುವ ಮನಸ್ಸಾದರೆ, ದುಡ್ಡು ಕಟ್ಟುವ ಮೊದಲು ಒಂದು ಸಂಜೆ ಇದಕ್ಕೆ ಕೊಡಿ. ಸಂಘ ಎಂದರೆ ಕಾನೂನಿನಲ್ಲಿ ಅದಕ್ಕೊಂದು ರೂಪ ಇರಬೇಕು. ಕರ್ನಾಟಕದಲ್ಲಾದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರಬಹುದು, ಅಥವಾ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಲಾಭರಹಿತ ಕಂಪನಿ ಆಗಿರಬಹುದು. ಕಂಪನಿಯ ಹೆಸರನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಲಾಭರಹಿತ ಸಂಸ್ಥೆಗಳ ಅಧ್ಯಾಯ ಮಾಡಿದವರಿಗೆ ಗೊತ್ತು: ಚಂದಾ, ಪ್ರವೇಶ ಶುಲ್ಕ, ಆಜೀವ ಸದಸ್ಯತ್ವ ಶುಲ್ಕ ಎಲ್ಲಕ್ಕೂ ಲೆಕ್ಕದಲ್ಲಿ ಒಂದೊಂದು ಜಾಗ ಇದೆ. ನಿಜವಾದ ಸಂಘ ಆದಾಯ ಮತ್ತು ವೆಚ್ಚದ ಖಾತೆಯನ್ನು ಸದಸ್ಯರ ಮುಂದೆ ಇಡುತ್ತದೆ, ವಾರ್ಷಿಕ ಸಭೆ ಕರೆಯುತ್ತದೆ, ಪದಾಧಿಕಾರಿಗಳನ್ನು ಚುನಾಯಿಸುತ್ತದೆ. ನಾನು ಕೇಳಬೇಕೆನ್ನುವ ಮುಖ್ಯ ಪ್ರಶ್ನೆ ಬೇರೆ: ‘ಸದಸ್ಯರು ತಪ್ಪು ಮಾಡಿದರೆ ನಿಮ್ಮ ಸಂಘ ಏನು ಮಾಡುತ್ತದೆ?’ ಇದಕ್ಕೆ ಉತ್ತರ ಇಲ್ಲದ ಕಡೆ ದುಡ್ಡು ಕಟ್ಟಬೇಡಿ. ಹೊರಗೆ ಹಾಕುವ ಅಧಿಕಾರ ಇಲ್ಲದ ಸಂಘದ ಒಳಗೆ ಇರುವುದಕ್ಕೆ ಬೆಲೆ ಎಲ್ಲಿಂದ ಬರಬೇಕು?

ಈಗಾಗಲೇ ಮೋಸ ಹೋಗಿದ್ದರೆ ನಾಚಿಕೆ ಪಟ್ಟು ಸುಮ್ಮನಿರಬೇಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಪಾ ಮಾಡಲಿಲ್ಲ, ಮಾಡಬೇಕಿತ್ತು. ಸುಳ್ಳು ಹೇಳುವ ಜಾಹೀರಾತಿನ ಬಗ್ಗೆಯಾದರೆ 1985ರಿಂದ ಇರುವ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ದೂರು ಕೊಡಬಹುದು. ಅದು ಜಾಹೀರಾತು ಕ್ಷೇತ್ರದವರೇ ಕಟ್ಟಿಕೊಂಡ ಸಂಸ್ಥೆ, ಆದರೆ ದೂರು ಕೊಡಲು ನಾವು ಸದಸ್ಯರಾಗಬೇಕಿಲ್ಲ, ಶುಲ್ಕವೂ ಇಲ್ಲ.

ಸದ್ಯಕ್ಕೆ ನಮಗೆ ಇರುವುದು ನಮ್ಮ ಕಾಲೇಜಿನ ವಾಣಿಜ್ಯ ಸಂಘ. ಅದರ ಶುಲ್ಕ ಅಡ್ಮಿಷನ್ ಹೊತ್ತಿನಲ್ಲೇ ಕಟ್ಟಿದ್ದೇವೆ, ಎಲ್ಲರೂ ಸದಸ್ಯರೇ. ಪ್ರತಿ ವರ್ಷ ನಮ್ಮಲ್ಲಿ ಎಷ್ಟೋ ಜನ ಪ್ರಾಜೆಕ್ಟ್ ಎಂದು ಊರಿನವರ ಬಾಗಿಲು ತಟ್ಟುತ್ತೇವೆ. ಫಾರ್ಮುಗಳು ಆಮೇಲೆ ಎಲ್ಲಿ ಹೋಗುತ್ತವೆ ಎಂದು ಯಾರೂ ಕೇಳುವುದಿಲ್ಲ. ಪ್ರಾಜೆಕ್ಟ್ ಫಾರ್ಮುಗಳಲ್ಲಿ ಹೆಸರು, ನಂಬರ್ ಕೇಳುವುದು ಬೇಡ, ಅಂಕ ಬಂದ ಮೇಲೆ ಫಾರ್ಮುಗಳನ್ನು ವಿಭಾಗಕ್ಕೆ ಒಪ್ಪಿಸಿ ಹರಿದುಹಾಕಬೇಕು ಎಂದು ಒಂದು ನಿಯಮ ಮಾಡಿ ಎಂದು ನಾನು ನಮ್ಮ ಉಪನ್ಯಾಸಕರಿಗೆ ಬರೆದುಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಇಡೋಣ ಎಂದಿದ್ದಾರೆ.

ಮಾಮುವಿನ ಫೋನಿನಿಂದ ಆ 40 ನಂಬರ್‌ಗಳನ್ನು ನಾನೇ ಕುಳಿತು ತೆಗೆದೆ. ಮೊದಲು “ವ್ಯಾಪಾರಕ್ಕೆ ಬೇಕು” ಎಂದರು, ಖಾಲಾ ಹೇಳಿದ್ದನ್ನು ತಿಳಿಸಿದಾಗ ಸುಮ್ಮನೆ ಫೋನ್ ನನ್ನ ಕೈಗೆ ಕೊಟ್ಟರು. ಈಗ ಬಿಲ್ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇದೆ. ‘ಹೊಸ ಸ್ಟಾಕ್ ಬಂದಾಗ ಮೆಸೇಜ್ ಬೇಕಾದವರು ಮಾತ್ರ ನಂಬರ್ ಬರೆಯಿರಿ’ ಎಂದು ಅದರ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ನಾನೇ ಬರೆದಿದ್ದೇನೆ. ಹೋದ ವಾರ ನೋಡಿದಾಗ ಹದಿಮೂರು ನಂಬರ್ ಇದ್ದವು.